ಐದೂ ದೀಪ ಹಸಿರು

ಬೀದಿಯಲ್ಲಿ ಯಾರ ಮನೆಯ ಫ್ಯಾನ್ ತಿರುಗುತ್ತಿದೆ ಎಂದು ತಿಳಿಯಲು ಇಸ್ತ್ರಿ ಅಕ್ಕ ಇದ್ದ ಜಾಗದಿಂದ ಕದಲಬೇಕಾಗಿರಲಿಲ್ಲ. ಅಂಗಡಿಯ ಮೇಜಿನ ಮುಂದೆ ನಿಂತು, ಯಾರದೋ ಶರ್ಟಿನ ಕಾಲರಿನ ಮೇಲೆ ಇದ್ದಿಲಿನ ಪೆಟ್ಟಿಗೆ ಒತ್ತುತ್ತಲೇ ಒಂದು ಗಳಿಗೆ ಕಿವಿಗೊಟ್ಟರೆ ಸಾಕಿತ್ತು. ಮೂಲೆಮನೆಯ ಫ್ಯಾನು ಮುಲುಗುತ್ತಿತ್ತು. ಎದುರಿನ ಟೈಲರ್ ಮನೆಯದು ಟಕಟಕ ಅನ್ನುತ್ತಿತ್ತು.

“ಟೈಲರ್, ಅಮ್ಮಂಗೆ ಗಾಳಿ ಸಾಕಾಯ್ತೇನೋ ಕೇಳೋ,” ಎಂದು ಇಲ್ಲಿಂದಲೇ ಕೂಗುವಳು. ಎದುರು ಮನೆಯಲ್ಲಿ ಟಕಟಕ ನಿಲ್ಲುತ್ತಿತ್ತು.

ಹೀಗೆ ಊರವರ ಗಾಳಿಗೆ ಕಾವಲು ಕೂರಲು ಅವಳೇನು ಹುಟ್ಟು ಜಿಪುಣಿಯಲ್ಲ. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಎಂದು ಗೊತ್ತಾದರೂ ತನ್ನ ಪಾತ್ರೆ ಎತ್ತಿಕೊಂಡು ಹೊರಡುವ ಹೆಂಗಸು. ಬಾಯಿ ಮಾತ್ರ ಜೋರು. ಬಟ್ಟೆ ಗಂಟನ್ನು ತಂದುಹಾಕಿ “ಸ್ವಲ್ಪ ಬೇಗ” ಅಂದವರಿಗೆ, “ಬೇಗ ಬೇಕಾದ್ರೆ ಸುಕ್ಕಲ್ಲೇ ಹೋಗಿ, ಯಾರು ನೋಡ್ತಾರೆ ನಿಮ್ಮನ್ನ,” ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಡುವಳು. ಆದರೂ ಗಿರಾಕಿಗಳು ತಪ್ಪಿಸಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅವಳು ಮಡಿಸಿಕೊಟ್ಟ ಬಟ್ಟೆ ಮೂರು ಬೀದಿ ದಾಟಿದರೂ ಮಡಿಕೆ ಬಿಡುತ್ತಿರಲಿಲ್ಲ.

ಆ ಬೀದಿ ಇದ್ದದ್ದು ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ದೊಡ್ಡ ಸ್ಥಾವರದ ಹಿಂದಿನ ಗೋಡೆಗೆ ಒತ್ತಿಕೊಂಡು. ಆಚೆ ಕಡೆಗೆ ರೈಲು ಹಳಿ. ಸ್ಥಾವರಕ್ಕೆ ಕಲ್ಲಿದ್ದಲು ತರುವ ರೈಲು ಬಂದರೆ ಗೇಟು ಬಿತ್ತು ಅಂತಲೇ ಅರ್ಥ. ಅಷ್ಟುದ್ದದ ರೈಲು ಒಳಗೆ ಜಾಗ ಸಿಗುವವರೆಗೂ ರಸ್ತೆಗೆ ಅಡ್ಡ ನಿಂತಿರುತ್ತಿತ್ತು, ಬೀದಿಯವರು ಈಚೆ, ಪೇಟೆ ಆಸ್ಪತ್ರೆಗಳೆಲ್ಲ ಆಚೆ. ತಲೆಯ ಮೇಲೆ ದಪ್ಪ ತಂತಿಗಳು ಗುಂಯ್ ಎನ್ನುತ್ತಾ ಎಲ್ಲಿಯದೋ ಊರಿಗೆ ಕರೆಂಟು ಹೊತ್ತೊಯ್ಯುತ್ತಿದ್ದವು. ಕೆಳಗಿನ ಮನೆಗಳಲ್ಲಿ ಅದು ಬಂದರೆ ಬಂತು, ಹೋದರೆ ಹೋಯಿತು.

ಅಕ್ಕನ ಗಂಡ ಆ ಸ್ಥಾವರದ ಬೂದಿಯನ್ನು ಲಾರಿಗಳಿಗೆ ತುಂಬುವ ಕೆಲಸ ಮಾಡಿಕೊಂಡೇ ಮುದುಕನಾದವನು. ಎಲ್ಲರ ಬಾಯಲ್ಲೂ ಬೂದಿಯಣ್ಣ. ಹೆಸರು ಕೊಟ್ಟ ಬೂದಿಯೇ ಎದೆಯೊಳಗೂ ಸೇರಿಕೊಂಡಿತ್ತು. ಈಗ ಮಂಚದಿಂದ ಬಚ್ಚಲಿಗೆ ಹೋಗಿ ಬರುವುದರೊಳಗೆ ಅವನ ತುಟಿ ನೀಲಿಯಾಗುತ್ತಿತ್ತು. ಗಾಳಿಯಿಂದ ಆಮ್ಲಜನಕ ಸೋಸಿಕೊಡುವ ಒಂದು ಯಂತ್ರವನ್ನು ಆಸ್ಪತ್ರೆಯವರು ಎರವಲು ಕೊಟ್ಟಿದ್ದರು. ಹಗಲೂ ರಾತ್ರಿ ಅದರ ನಳಿಗೆ ಅವನ ಮೂಗಿನಲ್ಲಿ. ಕರೆಂಟು ಹೋದರೆ ಯಂತ್ರ ಕೀರಲು ದನಿಯಲ್ಲಿ ಕೂಗಿಕೊಳ್ಳುತ್ತಿತ್ತು, ಆಗ ಅಕ್ಕ ಇದ್ದಿಲಿಗೆ ಗಾಳಿ ಹಾಕುವ ಬೀಸಣಿಗೆಯನ್ನೇ ಎತ್ತಿಕೊಂಡು ಒಳಗೆ ಓಡುವಳು. ಬೀಸಣಿಗೆಯಿಂದ ಆಗುತ್ತಿದ್ದದ್ದು ಅಷ್ಟರಲ್ಲೇ ಇತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ಇಂಥ ಬೀದಿಗೆ ಒಂದು ದಿನ ಸರ್ಕಾರದ ಸಂಶೋಧನಾ ಯೋಜನೆ ಬಂದಿತು. ಮನೆಗಳ ಮೇಲೆ ಬಿಸಿಲು ಹೀರುವ ಹಲಗೆ, ಬೀದಿ ನಡುವಿನ ಮುಚ್ಚಿದ ಕೋಣೆಯೊಂದರಲ್ಲಿ ಹೊಸ ಬಗೆಯ ಬ್ಯಾಟರಿಗಳು, ಅಲ್ಲಿಂದ ಮನೆಮನೆಗೂ ಬೇರೆಯದೇ ತಂತಿ. ಇನ್ನು ಮೇಲೆ ಪ್ರತಿ ಮನೆಯ ಫ್ಯಾನು, ದೀಪ ನಡೆಯುವುದು ಆ ಬ್ಯಾಟರಿಯಿಂದ. ಬೂದಿಯಣ್ಣನ ಯಂತ್ರಕ್ಕೂ ಒಂದು ತಂತಿ ಕೊಟ್ಟರು, ಕರೆಂಟು ಹೋದ ತಕ್ಷಣ ಬ್ಯಾಟರಿ ತಾನಾಗಿಯೇ ಹಿಡಿದುಕೊಳ್ಳುವ ಹಾಗೆ. ಕೋಣೆಯ ಬಾಗಿಲಿಗೆ ಒಂದು ಬೋರ್ಡು ಬಿತ್ತು. ಟೈಲರ್ ಅದನ್ನು ಗಟ್ಟಿಯಾಗಿ ಓದಿದ: “ದುರ್ಬಲ ಸಮುದಾಯಗಳಿಗಾಗಿ ಶುದ್ಧ ಇಂಧನ ಸಂಶೋಧನೆ. ದುರ್ಬಲರು ಅಂದ್ರೆ ನಾವೇನಾ ಅಕ್ಕ?”

“ಬರೆದವನು ಬಂದು ಈ ಪೆಟ್ಟಿಗೇನ ಒಂದು ಹೊತ್ತು ಎತ್ತಿ ಇಳಿಸ್ಲಿ,” ಅಂದಳು ಅಕ್ಕ. “ಆಮೇಲೆ ದುರ್ಬಲರು ಯಾರು ಅಂತ ತೀರ್ಮಾನ ಮಾಡೋಣ.”

ಯೋಜನೆಯ ಕೆಲಸ ನೋಡಿಕೊಳ್ಳಲು ಬಂದವಳು ಬಿಸಿಲಿಗೆ ಅಗಲದ ಟೋಪಿ ಹಾಕುತ್ತಿದ್ದ ಒಬ್ಬ ಹುಡುಗಿ, ಆಗಷ್ಟೇ ಓದು ಮುಗಿಸಿ ಸಂಶೋಧನೆಗೆ ಸೇರಿದವಳು. ಮೊದಲ ದಿನವೇ ಟೋಪಿ ಮೇಡಂ ಎಂದು ಹೆಸರಾಯಿತು. ತನಗೆ ಹಾಕಿಕೊಂಡಿದ್ದನ್ನು ನಮಗೆ ಯಾವಾಗ ಹಾಕ್ತಾಳೋ ಎಂದು ಬೀದಿ ನಕ್ಕಿತು. ಆದರೆ ಅವಳು ಎಲ್ಲರ ಮನೆಯ ಹೊಸ್ತಿಲ ಮೇಲೂ ಕೂತಳು, ಕೊಟ್ಟ ಚಹಾ ಕುಡಿದಳು, ಬೂದಿಯಣ್ಣನ ಮಂಚದ ಪಕ್ಕ ಕೂತು ಯಂತ್ರದ ಶಬ್ದ ಕೇಳಿದಳು. ಇಸ್ತ್ರಿ ಅಂಗಡಿ ಬ್ಯಾಟರಿ ಕೋಣೆಯ ಎದುರಿಗೇ ಇದ್ದುದರಿಂದ ಬೀಗದ ಕೈಯನ್ನು ಅಕ್ಕನಿಗೆ ಒಪ್ಪಿಸಿದಳು.

“ಒಳಗೆ ಐದು ದೀಪ ಇದೆ ಅಕ್ಕ. ಐದೂ ಹಸಿರಾಗಿದ್ರೆ ಬ್ಯಾಟರಿ ತುಂಬಿದೆ ಅಂತ. ಒಂದೊಂದೇ ಆರಿದ್ರೆ ಖಾಲಿ ಆಗ್ತಿದೆ ಅಂತ. ಎರಡು ವರ್ಷ ನಾವು ನೋಡ್ತೀವಿ. ನೀವೆಲ್ಲ ಎಷ್ಟು ಬೇಕೋ ಅಷ್ಟು ಬಳಸಿ.”

ಈ ಕೊನೆಯ ಮಾತನ್ನು ಮೇಡಂ ಹೇಳಿದ್ದು ನಿಜ. ಅಕ್ಕ ಕೇಳಿಸಿಕೊಂಡದ್ದೂ ನಿಜ. ಆದರೆ ಅಕ್ಕ ಬೆಳೆದ ಮನೆಯಲ್ಲಿ, ನೆಂಟರು ಇನ್ನಷ್ಟು ಬಡಿಸಲಾ ಅಂದರೆ ಹೊಟ್ಟೆ ಕೂಗುತ್ತಿದ್ದರೂ ಸಾಕು ಅನ್ನಬೇಕು ಎಂದು ಕಲಿಸಿದ್ದರು. ಎಷ್ಟು ಬೇಕೋ ಅಷ್ಟು ಅಂದವರು ನಾವು ಎಷ್ಟು ತೆಗೆದುಕೊಳ್ಳುತ್ತೇವೆ ಅಂತ ನೋಡುತ್ತಿರುತ್ತಾರೆ. ಅದರಲ್ಲೂ ಇದು ಸರ್ಕಾರದ ಮಾಲು. ಎರಡು ವರ್ಷ ನೋಡುತ್ತೇವೆ ಅಂದರೆ ಏನು? ಇವರ ಕೈಗೆ ಕೊಟ್ಟದ್ದು ಉಳಿಯುತ್ತದೋ ಇಲ್ಲವೋ ಎಂದು ಪರೀಕ್ಷೆ. ಕೆಡಿಸದೆ ಇಟ್ಟುಕೊಂಡರೆ ಇಲ್ಲೇ ಬಿಡುತ್ತಾರೆ, ಹಾಳುಮಾಡಿದರೆ ಕಿತ್ತುಕೊಂಡು ಹೋಗುತ್ತಾರೆ. ಹೀಗೆಂದು ಯಾರೂ ಹೇಳಿರಲಿಲ್ಲ, ಯಾರಾದರೂ ಹೇಳಬೇಕು ಎಂದೂ ಅವಳಿಗೆ ಅನ್ನಿಸಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬೀದಿಯವರು ಫ್ಯಾನಿಗೆ ಸುರಿದ ಕರೆಂಟು ಗಂಡನ ಮೂಗಿನಿಂದ ಕಿತ್ತುಕೊಂಡ ಕರೆಂಟು ಎಂದೇ ಅವಳಿಗೆ ಅನ್ನಿಸುತ್ತಿತ್ತು. ಐದು ದೀಪದಲ್ಲಿ ಒಂದು ಆರಿದರೆ ಯಾರ ಫ್ಯಾನು ತಿರುಗುತ್ತಿದೆ ಎಂದು ಕಿವಿಗೊಡುವಳು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಕೋಣೆಯ ಬೀಗ ತೆಗೆದು ದೀಪ ನೋಡುವಳು. ಮಧ್ಯಾಹ್ನ ನೋಡುವಳು. ದೀಪ ಹಚ್ಚುವ ಹೊತ್ತಿಗೆ ನೋಡುವಳು.

“ಮದುವೆ ಆದಾಗಿಂದ ನನ್ನ ಮುಖ ಇಷ್ಟು ಸಲ ನೋಡಿಲ್ವಲ್ಲೇ ನೀನು,” ಎಂದು ಬೂದಿಯಣ್ಣ ಉಸಿರು ಸಿಕ್ಕಾಗ ತಮಾಷೆ ಮಾಡುತ್ತಿದ್ದ.

“ನಿಮ್ಮ ಮುಖದಲ್ಲಿ ಯಾವ ದೀಪ ಹತ್ತಿತ್ತು ನೋಡೋಕೆ? ಸುಮ್ನೆ ಮಲಗ್ರೀ,” ಅನ್ನುವಳು ಅಕ್ಕ.

ಹೀಗೆ ಶುರುವಾಯಿತು ಅವಳ ಆಡಳಿತ. ಮೊದಮೊದಲು ಜನ ಮೂಗು ಮುರಿದರು. ಬೀಗದ ಕೈ ಸಿಕ್ಕಿದ್ದಕ್ಕೆ ಸರ್ಕಾರವೇ ತಾನು ಅಂದುಕೊಂಡಿದ್ದಾಳೆ ಎಂದು ಮೂಲೆಮನೆಯವಳು ಆಡಿಕೊಂಡಳು. ಆಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಯಿತು, ಯಂತ್ರ ಕೂಗಲಿಲ್ಲ. ಬಾಗಿಲಲ್ಲಿ ನಿಂತಿದ್ದವರೆಲ್ಲ ಅಣ್ಣನ ಎದೆ ಏರಿ ಇಳಿಯುವುದನ್ನು ಕಣ್ಣಾರೆ ನೋಡಿದರು. ಅಂದಿನಿಂದ ಯಾರೂ ಆಡಿಕೊಳ್ಳಲಿಲ್ಲ. ಅಕ್ಕ ಕೂಗಿದರೆ ಫ್ಯಾನು ನಿಲ್ಲುತ್ತಿತ್ತು, ಕೂಗುವ ಮೊದಲೇ ನಿಲ್ಲುವುದೂ ಶುರುವಾಯಿತು.

ಬೇಸಿಗೆಯಲ್ಲಿ ಆ ತಗಡಿನ ಮನೆಗಳು ಹಂಚಿನ ಮೇಲಿಟ್ಟ ಹಾಗೆ ಕಾಯುತ್ತಿದ್ದವು. ಟೈಲರನ ತಾಯಿಗೆ ಮೈಯೆಲ್ಲ ಬೆವರುಸಾಲೆ ಎದ್ದಿತು, ಒಮ್ಮೆ ತಲೆ ತಿರುಗಿ ಬಚ್ಚಲ ಬಾಗಿಲಲ್ಲಿ ಬಿದ್ದಳು. ಆವತ್ತು ಅಕ್ಕನೇ ಹೋಗಿ ಫ್ಯಾನು ಹಾಕಿ, ಒದ್ದೆ ಬಟ್ಟೆಯಿಂದ ಮುದುಕಿಯ ಮೈ ಒರೆಸಿ, ಎಚ್ಚರ ಬಂದ ಮೇಲೆ ಹೊರಡುವಾಗ ಫ್ಯಾನು ಆರಿಸಿಯೇ ಬಂದಳು. ಆರಿಸುವ ಮೊದಲು ಒಮ್ಮೆ ಮುದುಕಿಯ ಮುಖ ನೋಡಿದಳು. ಆದರೂ ಆರಿಸಿದಳು.

ಟೋಪಿ ಮೇಡಂ ಒಂದು ಕರೆಂಟಿನ ಇಸ್ತ್ರಿಪೆಟ್ಟಿಗೆಯನ್ನೂ ತಂದುಕೊಟ್ಟಿದ್ದಳು. ಇದ್ದಿಲ ಹೊಗೆ ಅಣ್ಣನಿಗೆ ಒಳ್ಳೆಯದಲ್ಲ, ಇದರಲ್ಲೇ ಕೆಲಸ ಮಾಡಿ ಎಂದಿದ್ದಳು. ಅದು ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಕ್ಕ ಕೇಳಿದಳು. ಉತ್ತರ ಕೇಳಿ, ಡಬ್ಬದ ಟೇಪನ್ನೂ ಕೀಳದೆ ಅಟ್ಟದ ಮೇಲಿಟ್ಟಳು. ಬೀದಿಯ ಫ್ಯಾನೆಲ್ಲ ಆರಿಸಿದವಳು ತಾನೊಬ್ಬಳು ಅದನ್ನು ಹಚ್ಚಿಕೊಂಡು ಕೂತರೆ ಯಾರ ಮುಖ ನೋಡುವುದು? ಇದ್ದಿಲು ಉರಿಯಿತು, ಒಳಗೆ ಅಣ್ಣ ಕೆಮ್ಮಿದ.

ಮೇಡಂ ತಿಂಗಳಿಗೊಮ್ಮೆ ಬಂದು ಕೋಣೆಯಲ್ಲಿ ತನ್ನ ಕಂಪ್ಯೂಟರನ್ನು ಬ್ಯಾಟರಿಗೆ ಸಿಕ್ಕಿಸಿ ನೋಡುವಳು. ಅಕ್ಕ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ಕಾಯುವಳು.

“ಐದೂ ಹಸಿರು, ನೋಡಿದ್ರಾ ಮೇಡಂ?”

“ನೋಡಿದೆ ಅಕ್ಕ,” ಎಂದು ಮೇಡಂ ನಗುವಳು. ಏನೋ ಹೇಳಲು ಬಾಯಿ ತೆರೆದವಳು ಟೋಪಿ ಸರಿಮಾಡಿಕೊಂಡು ಎದ್ದುಬಿಡುವಳು. ಅಕ್ಕನಿಗೆ ಆ ನಗು ಸಾಕಾಗುತ್ತಿತ್ತು. ಆ ದಿನವೆಲ್ಲ ಪೆಟ್ಟಿಗೆ ಹಗುರ.

ಎರಡು ವರ್ಷ ತುಂಬಿದ ಮೇಲೆ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆಂದು ಸುದ್ದಿಯಾಯಿತು. ಮುಂದಿನ ಹಂತಕ್ಕೆ ಸರ್ಕಾರ ಎಲ್ಲಿ ಹಣ ಕೊಡುತ್ತದೆ ಎನ್ನುವುದನ್ನು ತಿಳಿಸಲು. ಕೊಟ್ಟ ಕಡೆ ಬ್ಯಾಟರಿ ಶಾಶ್ವತವಾಗಿ ಉಳಿಯುತ್ತದೆ. ಅಕ್ಕ ಕೋಣೆಯ ನೆಲ ಒರೆಸಿದಳು, ಬ್ಯಾಟರಿಗಳ ಮೇಲಿನ ಬೂದಿ ಒರೆಸಿದಳು, ಟೈಲರನ ಅಂಗಡಿಯಿಂದ ಕುರ್ಚಿ ತರಿಸಿದಳು. ಬೀದಿಯೆಲ್ಲ ಸ್ನಾನ ಮಾಡಿ ತಲೆ ಬಾಚಿಕೊಂಡು ನಿಂತಿತು.

ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಕೊಟ್ಟ ನೀರು ಕುಡಿದು, ಎಲ್ಲರಿಗೂ ಕೈಮುಗಿದು ಮಾತು ಶುರುಮಾಡಿದರು. “ನಿಮ್ಮ ಬ್ಯಾಟರಿ ಎರಡು ವರ್ಷದಲ್ಲಿ ಮೂರು ದೀಪಕ್ಕಿಂತ ಕೆಳಗೆ ಇಳಿದೇ ಇಲ್ಲ.”

ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. “ಇಳಿಯೋಕೆ ಬಿಟ್ಟಿಲ್ಲ ಸಾರ್. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದೀವಿ.”

“ಅದೇ ತಾಯಿ ವಿಷಯ. ಅಳತೆ ಪ್ರಕಾರ ನಿಮ್ಮ ಬೀದಿಗೆ ಇದರ ಅಗತ್ಯ ಬಹಳ ಕಡಿಮೆ ಅಂತ ಬಂದಿದೆ. ಬೇಡಿಕೆ ಇಲ್ಲದ ಕಡೆ ಹಣ ಹಾಕೋ ಹಾಗಿಲ್ಲ. ಹೋಲಿಸಿ ನೋಡೋಕೆ ಅಂತ ಆಫೀಸರುಗಳ ಕ್ವಾರ್ಟರ್ಸಿಗೂ ಇದನ್ನೇ ಹಾಕಿದ್ವಿ. ಅಲ್ಲಿ ದಿನಾ ಪೂರ್ತಿ ಖಾಲಿ ಮಾಡ್ತಾರೆ. ಅವರಿಗೆ ಸಾಕಾಗ್ತಿಲ್ಲ. ಇಲ್ಲಿರೋದು ಅಲ್ಲಿಗೆ ಹೋಗುತ್ತೆ.”

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಹೊಗಳಿಕೆ ಎಲ್ಲಿಗೆ ಮುಗಿದು ಬೇರೆ ಮಾತು ಎಲ್ಲಿಂದ ಶುರುವಾಯಿತು ಎಂದು ಅವಳು ಟೈಲರನ ಮುಖ ನೋಡಿದಳು. ಟೈಲರ್ ನೆಲ ನೋಡುತ್ತಿದ್ದ.

“ಅಗತ್ಯ ಇಲ್ಲ ಅಂತ ಯಾರು ಸಾರ್ ಹೇಳಿದ್ದು? ಒಳಗೆ ಬಂದು ನಮ್ಮ ಯಜಮಾನರನ್ನ ನೋಡಿ. ಇವರೆಲ್ಲ ಬೆಂದುಕೊಂಡು ಕೂತಿದ್ದು ಯಾಕೆ ಅಂತ ಕೇಳಿ.”

“ಬೆಂದುಕೊಂಡು ಕೂತಿದ್ದು ಅಳತೆಗೆ ಸಿಗಲ್ಲ ತಾಯಿ. ಬಳಸಿದ್ದು ಮಾತ್ರ ಸಿಗುತ್ತೆ.” ಇದನ್ನು ಅವರು ಮರುಕದಿಂದಲೇ ಹೇಳಿದರು. ಯಂತ್ರಕ್ಕಾದರೂ ಒಂದು ಬ್ಯಾಟರಿ ಬಿಟ್ಟುಹೋಗಿ ಎಂದು ಅಕ್ಕ ಕೈಮುಗಿದಳು. ಇನ್ನೂ ಪರೀಕ್ಷೆಯಲ್ಲಿರುವ ಸಾಮಾನನ್ನು ಮನೆಯಲ್ಲಿ ಬಿಡಲು ಕಾನೂನು ಒಪ್ಪುವುದಿಲ್ಲ ಎಂದರು. ಆಸ್ಪತ್ರೆಗೆ ಹೇಳಿ ಸಿಲಿಂಡರು ಕೊಡಿಸಲು ನೋಡುತ್ತೇನೆ, ಆದರೆ ಅಲ್ಲಿ ಸರದಿ ದೊಡ್ಡದಿದೆ ಎಂದೂ ಹೇಳಿ ಕಾರು ಹತ್ತಿದರು.

ಟೋಪಿ ಮೇಡಂ ಕಾರು ಹತ್ತಲಿಲ್ಲ. ಇಸ್ತ್ರಿ ಮೇಜಿನ ಪಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಳು.

“ನಿಮಗೆ ಗೊತ್ತಿತ್ತು,” ಅಂದಳು ಅಕ್ಕ.

“ಗೊತ್ತಿತ್ತು ಅಕ್ಕ. ನಾವು ಹೇಳಿಕೊಡೋ ಹಾಗಿಲ್ಲ. ಹೀಗೆ ಬಳಸಿ ಅಂತ ಹೇಳಿಕೊಟ್ರೆ ಸಂಶೋಧನೆ ಕೆಟ್ಟುಹೋಯ್ತು ಅಂತ ಪೂರ್ತಿ ತಳ್ಳಿಹಾಕ್ತಾರೆ. ಜನ ತಾವಾಗೇ ಏನು ಮಾಡ್ತಾರೋ ಅದನ್ನ ನೋಡ್ಬೇಕು ಅಷ್ಟೇ.”

“ಬಂದಾಗೆಲ್ಲ ದೀಪ ನೋಡಿ ನಗ್ತಿದ್ರಲ್ಲ.”

“ಏನು ಮಾಡ್ಬೇಕು ಅಂತ ತೋಚದೆ ನಗ್ತಿದ್ದೆ. ಅಣ್ಣನ ವಿಷಯ ಬರೆದಿದ್ದೆ ಅಕ್ಕ. ಒಂದು ಮನೆ ಅಂತ ಬರೆದಿದ್ದೆ. ಒಂದೇ ಮನೆ ಆದ್ರೆ ಲೆಕ್ಕಕ್ಕೆ ಬರಲ್ಲ ಅಂದ್ರು.”

ಅಕ್ಕನ ನಾಲಿಗೆಗೆ ಬೈಗುಳಕ್ಕೇನು ಬರವಿರಲಿಲ್ಲ. ಆದರೆ ಬಾಯಿ ತೆರೆದರೆ ಯಾರನ್ನು ಬೈಯಬೇಕು? ಈ ಹುಡುಗಿ ಮೊದಲ ದಿನ ಹೇಳಿಯೇ ಇದ್ದಳು. ಎಷ್ಟು ಬೇಕೋ ಅಷ್ಟು ಬಳಸಿ ಅಂದಿದ್ದಳು. ನಂಬದೆ ಇದ್ದವಳು ತಾನು. ಮನೆಮನೆಯ ಸ್ವಿಚ್ಚಿನ ಮೇಲೆ ಕೈಯಿಟ್ಟವಳು ತಾನು. ಗಂಡನ ಉಸಿರನ್ನು ಕಾಯುತ್ತೇನೆ ಅಂದುಕೊಂಡು, ಅದನ್ನು ತನ್ನ ಕೈಯಾರೆ ಕಟ್ಟಿ ಕಳಿಸಿಕೊಟ್ಟವಳೂ ತಾನೇ. ಅವಳು ಮೇಜಿನ ಕಾಲಿಗೆ ಒರಗಿ ಕೂತಳು. ಮೇಡಂ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಅತ್ತಳು. ಅಕ್ಕನಿಗೆ ಅಳುವೂ ಬರಲಿಲ್ಲ.

ಸಂಜೆ ಅವಳು ಎದುರು ಮನೆಗೆ ಹೋದಳು. ಟೈಲರನ ತಾಯಿ ಗೋಡೆಗೆ ಒರಗಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೂತಿದ್ದಳು. ಫ್ಯಾನು ನಿಂತೇ ಇತ್ತು.

“ನಿಮ್ಮನ್ನೆಲ್ಲ ಸುಮ್ಮನೆ ಸಾಯಿಸಿಬಿಟ್ಟೆ ಅಜ್ಜಿ,” ಅಂದಳು ಅಕ್ಕ. “ನನ್ನ ಬಾಯಿಗೆ ಹೆದರಿ ಎರಡು ಬೇಸಿಗೆ ಬೆಂದ್ರಿ. ಅದೇ ಮುಳುವಾಯ್ತು.”

“ನಿನ್ನ ಬಾಯಿಗೆ ಹೆದರೋಳಾ ನಾನು? ನಿಮ್ಮತ್ತೆ ಬಾಯಿಗೇ ಹೆದರಿರ್ಲಿಲ್ಲ.” ಮುದುಕಿ ಸೆರಗು ಕೊಡವಿದಳು. “ಅವಳ ಮಗ, ಆ ಹುಡುಗ ಉಸಿರಾಡ್ಲಿ ಅಂತ ಆರಿಸ್ತಿದ್ದೆ ಕಣೆ. ನೀನು ಕೂಗಿದ್ರೂ ಆರಿಸ್ತಿದ್ದೆ, ಕೂಗದಿದ್ರೂ ಆರಿಸ್ತಿದ್ದೆ.”

ಆಗ ಅಕ್ಕನಿಗೆ ಅಳು ಬಂತು.

ಬ್ಯಾಟರಿ ಒಯ್ಯಲು ಲಾರಿ ಬರುವುದರೊಳಗೆ ಇನ್ನೂ ಕೆಲವು ದಿನ ಇದ್ದವು. ಅಕ್ಕ ಮನೆಮನೆಗೂ ಹೋಗಿ ಫ್ಯಾನು ಹಾಕಿ, ದೀಪ ಹಾಕಿ, ಖಾಲಿ ಮಾಡಿಬಿಡಿ, ಈಗಲಾದರೂ ಅವರ ಅಳತೆಗೆ ಬೀಳಲಿ ಎಂದು ಗೋಗರೆದಳು. ಅಟ್ಟದಿಂದ ಕರೆಂಟಿನ ಪೆಟ್ಟಿಗೆ ಇಳಿಸಿ, ಟೇಪು ಕಿತ್ತು, ಹೊತ್ತು ಮುಳುಗುವ ತನಕ ಅದರಲ್ಲೇ ಇಸ್ತ್ರಿ ಹಾಕಿದಳು. ಆ ದಿನಗಳಲ್ಲಿ ಅಣ್ಣ ಕಡಿಮೆ ಕೆಮ್ಮಿದ. ಎರಡು ವರ್ಷವೂ ಹೀಗೆಯೇ ಕಡಿಮೆ ಕೆಮ್ಮಬಹುದಿತ್ತು ಎಂದು ಅವಳಿಗೆ ಆಗ ಗೊತ್ತಾಯಿತು. ಬೀದಿಯವರು ಅವಳ ಎದುರಿಗೆ ಹೂಂ ಎಂದು ಫ್ಯಾನು ಹಾಕಿದರು, ಅವಳು ಹೊಸ್ತಿಲು ದಾಟಿದ ಮೇಲೆ ಆರಿಸಿದರು. ಬ್ಯಾಟರಿ ಇರುವ ತನಕ ಅಣ್ಣನಿಗೇ ಇರಲಿ ಎಂದು ಅವರವರೇ ಮಾತಾಡಿಕೊಂಡಿದ್ದರು. ಲಾರಿ ಬಂದ ಬೆಳಿಗ್ಗೆ ಅಕ್ಕ ಕೊನೆಯ ಸಲ ಬೀಗ ತೆಗೆದಾಗ ಐದೂ ದೀಪ ಹಸಿರಾಗಿದ್ದವು.

ಬ್ಯಾಟರಿ ಹೊತ್ತವರಲ್ಲಿ ಒಬ್ಬ ಬೆವರು ಒರೆಸಿಕೊಂಡು ಹೇಳಿದ: “ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಮ್ಮ. ಹೊಸದರ ಹಾಗೇ ಇದೆ.”

ಎರಡು ವರ್ಷದಿಂದ ಯಾರಾದರೂ ಈ ಒಂದು ಮಾತು ಹೇಳಲಿ ಎಂದು ಅವಳು ಕಾದಿದ್ದಳು. ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ ಒಳಗೆ ಹೋದಳು. ಮನೆಗಳ ಫ್ಯಾನು ದೀಪಗಳನ್ನು ಮತ್ತೆ ಹಳೆಯ ಕರೆಂಟಿಗೆ ಜೋಡಿಸಿದರು. ಬೋರ್ಡನ್ನು ಮಾತ್ರ ಯಾರೂ ಕೀಳಲಿಲ್ಲ. ಸರ್ಕಾರದ ಬೋರ್ಡುಗಳಿಗೆ ಮುಜುಗರ ಎನ್ನುವುದು ಇರುವುದಿಲ್ಲ.

ಆ ಬೇಸಿಗೆ ಮುಗಿಯುವ ಮೊದಲೇ, ಊಟದ ಹೊತ್ತು ಕಳೆದ ಮೇಲೆ, ಒಂದು ದಿನ ಕರೆಂಟು ಹೋಯಿತು. ಯಂತ್ರ ಕೂಗಿತು. ಅಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಟ್ಟು ಬೀಸಣಿಗೆ ಎತ್ತಿಕೊಂಡಳು. ಸಾಮಾನ್ಯವಾಗಿ ಬೇಗ ಬರುತ್ತಿದ್ದ ಕರೆಂಟು ಬರಲಿಲ್ಲ. ಅಣ್ಣನ ತುಟಿ ನೀಲಿಯಾಯಿತು, ಉಗುರು ನೀಲಿಯಾಯಿತು. ಆಂಬುಲೆನ್ಸಿಗೆ ಫೋನು ಮಾಡಿದ ಟೈಲರ್ ಗೇಟಿನ ಕಡೆ ಓಡಿದ. ಕಲ್ಲಿದ್ದಲು ರೈಲು ಅಡ್ಡ ನಿಂತಿತ್ತು. ಆಂಬುಲೆನ್ಸು ಆಚೆ ಕಡೆ ಬಂದು ನಿಂತದ್ದು ಬೋಗಿಗಳ ಸಂದಿಯಲ್ಲಿ ಅವನಿಗೆ ಕಾಣುತ್ತಿತ್ತು. ಅಣ್ಣನನ್ನು ಹೊತ್ತುಕೊಂಡು ಬೋಗಿಯ ಅಡಿಯಲ್ಲಿ ನುಸುಳಿದರೆ ಹೇಗೆ ಎಂದು ಕೇಳಲು ಅವನು ಮರಳಿ ಓಡಿಬಂದ.

ಅಷ್ಟರಲ್ಲಿ ಬೀದಿಯೆಲ್ಲ ಅಣ್ಣ ಮಲಗಿದ್ದ ಸಣ್ಣ ಕೋಣೆಯಲ್ಲಿತ್ತು. ಒಬ್ಬರ ಕೈ ಸೋತರೆ ಇನ್ನೊಬ್ಬರು ಬೀಸಣಿಗೆ ತೆಗೆದುಕೊಳ್ಳುತ್ತಿದ್ದರು. ಮೂಲೆಮನೆಯವಳು ರಟ್ಟು ಹಿಡಿದು ಬೀಸಿದಳು. ಟೈಲರನ ತಾಯಿ ಗೋಡೆ ಹಿಡಿದುಕೊಂಡು ಬಂದು ಕಾಲ ಬಳಿ ಕೂತು ಸೆರಗಿನಿಂದ ಬೀಸಿದಳು. ಅಕ್ಕ ಮಾತ್ರ ತನ್ನ ಬೀಸಣಿಗೆಯನ್ನು ಯಾರಿಗೂ ಕೊಡಲಿಲ್ಲ.

“ಸಾಕು ಬಿಡೇ,” ಅಂದ ಅಣ್ಣ, ಒಂದೊಂದು ಮಾತಿಗೂ ನಿಂತು. “ಕೈ... ನೋಯುತ್ತೆ.”

ಆಮೇಲೆ ಅವನು ಮಾತಾಡಲಿಲ್ಲ. ಟೈಲರ್ ಬಾಗಿಲಿಗೆ ಬಂದಾಗ ಕೇಳಬೇಕಾದದ್ದೇನೂ ಉಳಿದಿರಲಿಲ್ಲ. ಅಕ್ಕ ಇನ್ನೂ ಬೀಸುತ್ತಲೇ ಇದ್ದಳು. ಮುದುಕಿ ಅವಳ ಮುಂಗೈ ಹಿಡಿದು ನಿಲ್ಲಿಸಿದಳು.

ಕರೆಂಟು ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ, ಅರ್ಧ ಬೀದಿ ಮನೆಗಳಿಗೆ ಮರಳಿದ ಮೇಲೆ. ಯಂತ್ರ ತಾನಾಗಿಯೇ ಶುರುವಾಗಿ ಬರಿಯ ನಳಿಗೆಯಲ್ಲಿ ಸುಯ್ ಎಂದು ಗಾಳಿ ಬಿಡತೊಡಗಿತು. ಎದುರು ಮನೆಯಲ್ಲಿ ಟಕಟಕ ಕೇಳಿಸಿತು, ಕೇಳಿಸಿದ ಹಾಗೆಯೇ ನಿಂತಿತು. ಮುದುಕಿಯನ್ನು ಮಲಗಿಸಲು ಮನೆಗೆ ಕರೆದೊಯ್ದಿದ್ದ ಟೈಲರನ ಹೆಂಡತಿ ರೂಢಿಯಂತೆ ಆರಿಸಿದ್ದಳು. ಮೂಲೆಮನೆಯ ಮುಲುಗಾಟವೂ ನಿಂತಿತು. ಬೀದಿಯ ಫ್ಯಾನುಗಳು ಒಂದರ ಹಿಂದೆ ಒಂದು ನಿಂತದ್ದು ಅಕ್ಕನಿಗೆ ಕೂತಲ್ಲೇ ಗೊತ್ತಾಯಿತು.

ಅವಳು ಗಂಡನ ಕಾಲ ಬಳಿಯಿಂದ ತಲೆ ಎತ್ತಿದಳು.

“ಟೈಲರ್,” ಅಂದಳು, “ಹೋಗಿ ಅಮ್ಮಂಗೆ ಫ್ಯಾನು ಹಾಕೋ. ಎಲ್ಲರ ಮನೇಲೂ ಹಾಕೋಕೆ ಹೇಳು.”

ಟೈಲರ್ ಎದ್ದು ಹೋದ. ಎದುರು ಮನೆಯಲ್ಲಿ ಟಕಟಕ ಶುರುವಾಯಿತು, ಆಮೇಲೆ ಮೂಲೆಮನೆಯದು, ಆಮೇಲೆ ಉಳಿದವು. ಅಕ್ಕ ಒಂದೊಂದನ್ನೂ ಗುರುತು ಹಿಡಿಯುತ್ತಾ ಕೂತಿದ್ದಳು.